ಕಜ್ಜಿಯ ಕ್ಲೇಮು

ನಮ್ಮ ನಾಯಿಗೆ ಕಜ್ಜಾಯ ಅಂತ ಹೆಸರಿಟ್ಟದ್ದು ನನ್ನ ಮಗಳು. ದೀಪಾವಳಿ ದಿನ ಪಟಾಕಿ ಸದ್ದಿಗೆ ಹೆದರಿ ನಮ್ಮ ಸ್ಕೂಟರ್ ಕೆಳಗೆ ಮುದುಡಿ ಕೂತಿತ್ತು, ಎರಡು ತಿಂಗಳ ಮರಿ. ಒಳಗೆ ನಾನು ಬಾಣಲೆ ಮುಂದೆ ಕಜ್ಜಾಯ ಕರಿಯುತ್ತಿದ್ದೆ. ಇದರ ಬಣ್ಣವೂ ಅದೇ, ಎಣ್ಣೆಯಲ್ಲಿ ಒಂದು ನಿಮಿಷ ಜಾಸ್ತಿ ಬಿಟ್ಟ ಕಜ್ಜಾಯದ್ದು. ಕೂಗೋಕೆ ಹೆಸರು ಉದ್ದ ಆಯಿತು ಅಂತ ವಾರದೊಳಗೆ ಅದು 'ಕಜ್ಜಿ' ಆಯಿತು. ಸಂಜೆ ಬಾಲ್ಕನಿಯಲ್ಲಿ ನಿಂತು ಮಗಳು 'ಕಜ್ಜೀ, ಬಾರೋ' ಅಂತ ಕೂಗಿದರೆ ಕೆಳಗೆ ವಾಕಿಂಗ್ ಮಾಡುವವರು ಒಮ್ಮೆ ತಲೆ ಎತ್ತಿ ನೋಡಿ, ಕೈ ಕೆರೆದುಕೊಂಡು ಮುಂದೆ ಹೋಗುತ್ತಿದ್ದರು.

ಅದಕ್ಕೆ ಇನ್ಶೂರೆನ್ಸ್ ಮಾಡಿಸುವ ಯೋಚನೆ ಹುಟ್ಟಿದ್ದು ಲಿಫ್ಟಿನಲ್ಲಿ. ಮೇ ತಿಂಗಳು. ಮೂರನೇ ಮಹಡಿಯ ಲ್ಯಾಬ್ರಡಾರ್ ಮಾವಿನ ಗೊರಟು ನುಂಗಿ, ಅದು ಕರುಳಲ್ಲಿ ಸಿಕ್ಕಿಕೊಂಡು, ಹೊಟ್ಟೆ ಕೊಯ್ದು ತೆಗೆಸಿದ್ದರಂತೆ. ಬಿಲ್ಲು 48,000 ರೂಪಾಯಿ. 'ಯಾವ ಮಾವು, ಬಾದಾಮಿನಾ?' ಅಂತ ಲಿಫ್ಟಿನಲ್ಲಿ ಯಾರೋ ಕೇಳಿದರು. 'ರಸಪುರಿ' ಅಂದರು ಲ್ಯಾಬ್ರಡಾರಿನ ಯಜಮಾನರು, ತಗ್ಗಿದ ದನಿಯಲ್ಲಿ. ನಮ್ಮವರು ಮನೆಗೆ ಬಂದವರೇ ನೆಲದ ಮೇಲಿದ್ದ ರಸಪುರಿ ಬುಟ್ಟಿಯನ್ನು ಅಟ್ಟಕ್ಕೇರಿಸಿ, ಲ್ಯಾಪ್‌ಟಾಪ್ ತೆರೆದು ಕೂತರು.

ಮೂರು ಪಾಲಿಸಿ ಸಿಕ್ಕವು. ವರ್ಷಕ್ಕೆ 1,900 ರೂಪಾಯಿಯದ್ದು ಒಂದು, 4,600ರದ್ದು ಒಂದು, 9,800ರದ್ದು ಒಂದು. ನಾನು ಗೃಹಿಣಿಯ ಸಹಜ ಬುದ್ಧಿಯಿಂದ ಮೊದಲನೆಯದಕ್ಕೆ ಬೆರಳು ತೋರಿಸಿದೆ. ಅಗ್ಗದ ಪಾಲಿಸಿ ಓದುವಾಗ ಏನೇನು ಕೊಡ್ತಾರೆ ಅಂತ ನೋಡಬಾರದು, ಏನೇನು ಕೊಡಲ್ಲ ಅನ್ನೋ ಪುಟದಿಂದ ಶುರು ಮಾಡಬೇಕು. ಇದು ನನಗೆ ತಿಳಿದದ್ದು ಆಮೇಲೆ. ಆ ಪುಟದಲ್ಲಿ ಲಸಿಕೆ ಇಲ್ಲ, ಜಂತುಹುಳದ ಔಷಧಿ ಇಲ್ಲ, ಸ್ನಾನ ಇಲ್ಲ, ಉಗುರು ಕತ್ತರಿಸೋದು ಇಲ್ಲ, ಹಲ್ಲು ಇಲ್ಲ, ಸಂತಾನಹರಣದ ಆಪರೇಷನ್ ಇಲ್ಲ. ಅಂದರೆ ಖಂಡಿತ ಬರುವ ಖರ್ಚು ಒಂದೂ ಇಲ್ಲ. ಬಂದರೂ ಬರಬಹುದು ಅನ್ನೋದಕ್ಕೆ ಮಾತ್ರ ದುಡ್ಡು, ಅದೂ ಆಸ್ಪತ್ರೆಗೆ ಸೇರಿಸಿದರೆ. ಸುಮ್ನೆ ಡಾಕ್ಟರಿಗೆ ತೋರಿಸಿ ಮಾತ್ರೆ ತಂದರೆ ಅದಕ್ಕಿಲ್ಲ. ಹೊರರೋಗಿ ಖರ್ಚೂ ಸ್ವಲ್ಪ ಸಿಗಲಿ ಅಂತ 4,600ರ ಪಾಲಿಸಿಗೆ ಬಂದೆವು.

ನಮ್ಮತ್ತೆ ಆಗ ಹುರುಳಿಕಾಯಿ ನಾರು ತೆಗೆಯುತ್ತಾ ಪಕ್ಕದಲ್ಲೇ ಕೂತಿದ್ದರು. ಅವರದು ಚನ್ನರಾಯಪಟ್ಟಣದ ಕಡೆ ಹಳ್ಳಿ. ಹತ್ತಾರು ವರ್ಷ ಡೇರಿಗೆ ಹಾಲು ಹಾಕಿದವರು.

"ಇದಕ್ಕೆ ಓಲೆ ಎಲ್ಲಿ?" ಅಂದರು.

ನಾಯಿಗೆ ಎಂಥ ಓಲೆ ಅಂತ ನಾವಿಬ್ಬರೂ ನಕ್ಕೆವು. ಅತ್ತೆ ನಗಲಿಲ್ಲ. ಊರಲ್ಲಿ ಅವರ ಸೀಮೆಹಸುವಿಗೆ ವಿಮೆ ಇತ್ತಂತೆ. ವಿಮೆ ಮಾಡಿದ ಹಸುವಿನ ಕಿವಿಗೆ ನಂಬರಿನ ಕಿವಿಯೋಲೆ ಚುಚ್ಚುತ್ತಾರೆ. ಆ ಹಸು ಕಂಬಕ್ಕೆ ಕಿವಿ ಉಜ್ಜಿ ಉಜ್ಜಿ ಓಲೆ ಬೀಳಿಸಿಕೊಂಡಿತು. ಹೇಳಿದರಾಯಿತು ಅಂತ ಮಾವನವರು ಸುಮ್ಮನಿದ್ದರು. ಎರಡು ತಿಂಗಳಿಗೆ ಹಸು ಹೊಟ್ಟೆ ಉಬ್ಬರಿಸಿ ಸತ್ತಿತು. "ಓಲೆ ಇಲ್ದಿದ್ರೆ ದುಡ್ಡಿಲ್ಲ ಅಂದ್ರು. ಹಸು ನಮ್ದೇ, ಹಟ್ಟಿ ನಮ್ದೇ, ಅತ್ತಿದ್ದು ನಾವೇ. ಆದ್ರೂ ಅದು ನಮ್ಮ ಹಸು ಅಲ್ವಂತೆ." ಇಷ್ಟು ಹೇಳಿ ಇನ್ನೊಂದು ಹುರುಳಿಕಾಯಿ ತೆಗೆದುಕೊಂಡರು.

ಹುಡುಕಿ ನೋಡಿದರೆ ನಾಯಿಗೂ ಓಲೆ ಇದೆ! ಅಕ್ಕಿಕಾಳಿನಷ್ಟು ಮೈಕ್ರೋಚಿಪ್, ಹೆಗಲ ಹತ್ತಿರ ಚರ್ಮದ ಕೆಳಗೆ ಸೂಜಿಯಲ್ಲಿ ಹಾಕುತ್ತಾರೆ. ಹಸುವಿನ ಓಲೆಗೆ 12 ಅಂಕಿ, ನಾಯಿಯ ಚಿಪ್ಪಿಗೆ 15. ಅಂಕಿ ಜಾಸ್ತಿ ಅಂತ ಅತ್ತೆಗೆ ನಾಯಿ ಮೇಲೆ ಸ್ವಲ್ಪ ಗೌರವ ಬಂತು. ನಮ್ಮ ಪಾಲಿಸಿಗೆ ಚಿಪ್ ಬದಲು ಫೋಟೋ ಆದರೂ ನಡೆಯುತ್ತಿತ್ತು. ಎಡಗಡೆಯದು, ಬಲಗಡೆಯದು, ಮುಖ, ಮತ್ತೆ ಮೂಗಿನದು ಹತ್ತಿರದಿಂದ. ಮನುಷ್ಯರ ಬೆರಳಚ್ಚಿನ ಹಾಗೆ ನಾಯಿಯ ಮೂಗಿನ ಗೆರೆ. ಒಂದರದ್ದು ಇನ್ನೊಂದಕ್ಕೆ ಹೋಲುವುದಿಲ್ಲ. ಆದರೆ ಕಜ್ಜಿಯ ಮೂಗಿನ ಹತ್ತಿರ ಫೋನ್ ಹಿಡಿದರೆ ಅದು ನೆಕ್ಕದೆ ಬಿಡುವುದಿಲ್ಲ. 37 ಫೋಟೋ ತೆಗೆದೆ. 35ರಲ್ಲಿ ನಾಲಿಗೆ, ಒಂದರಲ್ಲಿ ಅತ್ತೆಯ ಸೀರೆ ಅಂಚು. ಉಳಿದ ಒಂದನ್ನು, ಅದು ನಿದ್ದೆ ಮಾಡುವಾಗ ನೆಲದ ಮೇಲೆ ಮಲಗಿ ಉಸಿರು ಬಿಗಿಹಿಡಿದು ತೆಗೆದದ್ದನ್ನು, ಕಳಿಸಿದೆ.

ಫಾರಂನಲ್ಲಿ ತಳಿ ಅಂತ ಒಂದು ಕಾಲಂ ಇತ್ತು. ಅಲ್ಲಿ ನಮ್ಮವರ ಅಭಿಮಾನ ಕೆರಳಿತು. "ಕಾಲು ನೋಡು, ಸೊಂಟ ನೋಡು. ಇದು ಮುಧೋಳ ನಾಯಿನೇ" ಅಂದರು. ಮುಧೋಳ ನಾಯಿ ಅಂದರೆ ಸಾಮಾನ್ಯವಲ್ಲ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರ ಇರುವ ಅಂಚೆಚೀಟಿ ತಂದಿದೆ, ಸೈನ್ಯಕ್ಕೂ ಅದನ್ನು ತೆಗೆದುಕೊಂಡಿದ್ದಾರೆ. ನಮ್ಮ ಕಜ್ಜಿ ಕುಕ್ಕರ್ ಕೂಗಿದರೆ ಮಂಚದ ಕೆಳಗೆ ಹೋಗುತ್ತೆ. ತಪ್ಪು ಮಾಹಿತಿ ಕೊಟ್ಟರೆ ಕ್ಲೇಮ್ ಪೂರ್ತಿ ರದ್ದು ಅಂತ ಕೆಳಗೆ ಬರೆದಿದ್ದನ್ನು ತೋರಿಸಿದ ಮೇಲೆ, ಮುಖ ಸಣ್ಣದು ಮಾಡಿಕೊಂಡು 'ದೇಸಿ' ಅಂತ ಟೈಪ್ ಮಾಡಿದರು. ಹುಟ್ಟಿದ ದಿನಾಂಕಕ್ಕೆ ದೀಪಾವಳಿಯಿಂದ ಎರಡು ತಿಂಗಳು ಹಿಂದಕ್ಕೆ ಎಣಿಸಿದೆವು.

ಇನ್ನು ಷರತ್ತುಗಳು. ಡಿಡಕ್ಟಿಬಲ್ ಅಂತ ನಮ್ಮವರು ಎರಡು ಸಲ ಗಟ್ಟಿಯಾಗಿ ಓದಿದರು. ಪ್ರತಿ ಬಿಲ್ಲಿನಲ್ಲೂ ಮೊದಲ 1,000 ರೂಪಾಯಿ ನಮ್ಮದೇ. "ಮೊದಲ ದೋಸೆ ಕಾವಲಿಗೆ" ಅಂದರು ಅತ್ತೆ. ಆಮೇಲೆ ಕೋ-ಪೇ, ಉಳಿದದ್ದರಲ್ಲಿ ಶೇಕಡಾ 20 ನಮ್ಮದು. ಅತ್ತೆ ಸ್ವಲ್ಪ ಯೋಚಿಸಿದರು. "ನಿಮ್ಮ ದೊಡ್ಡಮ್ಮನ ಮಗ ಇಲ್ವಾ, ಹೋಟ್ಲಿಗೆ ಕರ್ಕೊಂಡು ಹೋಗಿ ಬಿಲ್ ಬಂದಾಗ ನಿಂದೆಷ್ಟು ಅಂತ ಕೇಳ್ತಾನಲ್ಲ, ಅದು." ಹೊರರೋಗಿ ಖರ್ಚಿಗೆ ವರ್ಷಕ್ಕೆ 10,000 ಮಾತ್ರ ಅನ್ನುವ ಸಬ್‌ಲಿಮಿಟ್ ಹೇಳುವಷ್ಟರಲ್ಲಿ ಅವರಿಗೇ ಹುರುಪು ಬಂದಿತ್ತು. "ಊಟ ಹೊಟ್ಟೆ ತುಂಬ ಮಾಡಿ, ಹೋಳಿಗೆ ಮಾತ್ರ ಒಂದೇ!" ಕಂಪನಿಯವರು 42 ಪುಟದಲ್ಲಿ ಹೇಳಿದ್ದನ್ನು ಅತ್ತೆ ಅರ್ಧ ಕೆಜಿ ಹುರುಳಿಕಾಯಿ ಮುಗಿಯುವುದರೊಳಗೆ ಮುಗಿಸಿದರು.

ಥರ್ಡ್ ಪಾರ್ಟಿ ವಿಷಯಕ್ಕೆ ಮಾತ್ರ ಕಾಲ್ ಸೆಂಟರಿಗೆ ಫೋನ್ ಮಾಡಬೇಕಾಯಿತು. ನಾಯಿ ಬೇರೆಯವರಿಗೆ ಕಚ್ಚಿದರೆ ಅವರಿಗೆ ಕೊಡಬೇಕಾದ ಪರಿಹಾರವನ್ನು ಕಂಪನಿ ಭರಿಸುತ್ತದೆ. ನಮ್ಮವರು ಫೋನಿನಲ್ಲಿ ಬಹಳ ಮೆಲ್ಲಗೆ ಕೇಳಿದರು.

"ಅತ್ತೆ ಥರ್ಡ್ ಪಾರ್ಟಿ ಆಗ್ತಾರಾ? ಅಂದ್ರೆ, ನನ್ನ ಹೆಂಡ್ತಿಗೆ ಅತ್ತೆ, ನನಗೆ ತಾಯಿ."

"ಒಂದೇ ಮನೇಲಿದ್ರೆ ಆಗಲ್ಲ ಸರ್. ಅವರು ಕುಟುಂಬ."

ಸ್ಪೀಕರ್ ಆನ್ ಇತ್ತು. ಅತ್ತೆ ಹುರುಳಿಕಾಯಿ ತಟ್ಟೆ ಎತ್ತಿಕೊಂಡು ಎದ್ದು ಹೋದರು. ಎರಡು ದಿನ ಮಗನ ಜೊತೆ ಮಾತಿಲ್ಲ. ಅವರಿಗೆ ನೋವಾದದ್ದು ನಾಯಿ ಕಚ್ಚಬಹುದು ಅನ್ನುವುದಕ್ಕಲ್ಲ, ತಮ್ಮನ್ನು ಪಾರ್ಟಿ ಅಂದದ್ದಕ್ಕೆ.

ದುಡ್ಡು ಕಟ್ಟಿದೆವು. ವೇಟಿಂಗ್ ಪೀರಿಯಡ್ 30 ದಿನ. ಆ 30 ದಿನ ಕಾಯಿಲೆ ಬಿದ್ದರೆ ಕಂಪನಿಗೆ ಸಂಬಂಧವಿಲ್ಲ. ಅವಘಡಕ್ಕೂ ಮೊದಲ 15 ದಿನ ಇಲ್ಲ. ಇದನ್ನು ನಾಯಿಗೆ ಹೇಳುವವರು ಯಾರು? 11ನೇ ದಿನ ಮಗಳು ತಿಂದು ಬಿಟ್ಟ ತಟ್ಟೆಯಿಂದ ರಸಪುರಿ ಗೊರಟು ಮಾಯವಾಯಿತು. ಡಾಕ್ಟರ್ ಹತ್ತಿರ ಓಡಿದೆವು, ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು, ಗೊರಟು ಆಚೆ ಬಂತು. 2,200 ರೂಪಾಯಿ, ಪೂರ್ತಿ ನಮ್ಮದೇ. ಅಷ್ಟರಲ್ಲೇ ಮುಗಿಯಿತಲ್ಲ ಅಂತ ಮೂರನೇ ಮಹಡಿಯವರಿಗೆ ಹೊಟ್ಟೆಕಿಚ್ಚು.

ಆಗಸ್ಟಿನಲ್ಲಿ ಮಳೆ ಹಿಡಿಯಿತು. ಕಜ್ಜಿ ಕೆರೆದುಕೊಳ್ಳಲು ಶುರು ಮಾಡಿತು. ಮೊದಲು ಕಿವಿ ಅಂಚು, ಆಮೇಲೆ ಮೊಣಕೈ, ಕೊನೆಗೆ ಸೋಫಾದ ಕಾಲಿಗೆ ಬೆನ್ನು ಕೊಟ್ಟು ಹಿಂದೆ ಮುಂದೆ ಉಜ್ಜುವುದು. ಡಾಕ್ಟರ್ ಬ್ಲೇಡಿನಿಂದ ಚರ್ಮ ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನಮ್ಮ ಕಡೆ ತಿರುಗಿ, ನಗು ತಡೆದುಕೊಂಡು, "ಕಜ್ಜಿಗೆ ಕಜ್ಜಿ ಆಗಿದೆ" ಅಂದರು.

ಈಗ ನಮ್ಮ ಪಾಲಿಸಿ ದುಡಿಯುವ ಕಾಲ. ಫೀಸು 600, ಚರ್ಮದ ಪರೀಕ್ಷೆ 800, ರಕ್ತಪರೀಕ್ಷೆ 1,400, ಔಷಧಿ 2,900, ಶಾಂಪೂ 750. ಒಟ್ಟು 6,450. ಮೊದಲು ನಾವೇ ಕಟ್ಟಿ, ಬಿಲ್ಲು, ಚೀಟಿ, ಲಸಿಕೆ ಕಾರ್ಡು ಎಲ್ಲ ಸ್ಕ್ಯಾನ್ ಮಾಡಿ ಕಳಿಸಿದೆವು. ಲಸಿಕೆ ಹೊತ್ತಿಗೆ ಸರಿಯಾಗಿ ಹಾಕಿಸಿದ್ದೆವು ಅನ್ನುವ ಹೆಮ್ಮೆ ಬೇರೆ. ಹತ್ತು ದಿನಕ್ಕೆ ಫೋನ್ ಬಂತು. ಕನ್ನಡದವರೇ, ಮಾತು ಬಹಳ ನಯ.

"ಮೇಡಂ, ನಿಮ್ಮ ಕ್ಲೇಮ್ ರಿಜೆಕ್ಟ್ ಆಗಿದೆ. ಪ್ರೀ-ಎಕ್ಸಿಸ್ಟಿಂಗ್."

"ಅಂದ್ರೆ?"

"ಪಾಲಿಸಿ ತಗೊಳ್ಳೋಕೆ ಮುಂಚೆನೇ ಇದ್ದ ಕಾಯಿಲೆ. ನಿಮ್ಮ ಪಾಲಿಸಿ ಮೇ ತಿಂಗಳದ್ದು. ಹೋದ ನವೆಂಬರ್ ಕಾರ್ಡಲ್ಲೇ ಡಾಕ್ಟರ್ ಬರೆದಿದ್ದಾರಲ್ಲ, ಕಜ್ಜಿ ಅಂತ."

ನಾನು ಕಾರ್ಡು ತೆಗೆದು ನೋಡಿದೆ. ಹೆಸರಿನ ಜಾಗದಲ್ಲಿ ಕ್ಲಿನಿಕ್ಕಿನ ಹುಡುಗ ನಮ್ಮವರ ಹೆಸರನ್ನು ಇನಿಷಿಯಲ್ ಸಮೇತ ಉದ್ದಕ್ಕೆ ಬರೆದುಬಿಟ್ಟಿದ್ದ. ನಾಯಿ ಹೆಸರಿಗೆ ಜಾಗ ಉಳಿದಿರಲಿಲ್ಲ. ಹಾಗಾಗಿ ಕೆಳಗೆ ಷರಾ ಅನ್ನುವ ಚೌಕದಲ್ಲಿ, ದುಂಡಗೆ, ಮುದ್ದಾಗಿ, ಕನ್ನಡದಲ್ಲಿ 'ಕಜ್ಜಿ' ಅಂತ ಬರೆದು, ಸಾಲದು ಅಂತ ಅಡಿಗೆರೆಯನ್ನೂ ಎಳೆದಿದ್ದ.

"ಸರ್, ಅದು ಕಾಯಿಲೆ ಅಲ್ಲ. ಹೆಸರು."

"ಯಾರ ಹೆಸರು ಮೇಡಂ?"

"ನಾಯಿದು."

"ಪಾಲಿಸಿಯಲ್ಲಿ ಕಜ್ಜಾಯ ಅಂತಿದೆ."

"ಹೌದು. ಪ್ರೀತಿಯಿಂದ ಕಜ್ಜಿ ಅಂತೀವಿ."

ಆ ಕಡೆ ಬಹಳ ಹೊತ್ತು ಮೌನ. ನಾಯಿಗೆ ಪ್ರೀತಿಯಿಂದ ಕಜ್ಜಿ ಅನ್ನುವ ಮನೆ ಎಂಥದ್ದಿರಬಹುದು ಅಂತ ಯೋಚಿಸುತ್ತಿದ್ದರು ಅನ್ನಿಸುತ್ತೆ. "ಈಗ ಬಂದಿರೋದು?" ಅಂತ ಕೇಳಿದರು.

"ಅದು ಕಾಯಿಲೆ ಸರ್. ಈ ಸಲ ನಿಜವಾಗಲೂ ಕಜ್ಜಿ."

ಬರೆದು ಕಳಿಸಿ ಅಂದು ಫೋನ್ ಇಟ್ಟರು. ನಮ್ಮವರು ಕೆಂಡಾಮಂಡಲ. ಜೆ.ಪಿ. ನಗರದ ಜೀವನ್ ಸೌಧದಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ, ಅಲ್ಲಿಗೇ ಹೋಗ್ತೀನಿ ಅಂದರು. ಅಲ್ಲಿ ದೂರು ಕೊಡಲು ಫೀಸೂ ಇಲ್ಲ. ಆದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟು, ಉತ್ತರ ಬರದಿದ್ದರೆ ಒಂದು ತಿಂಗಳು ಕಾದು, ಆಮೇಲೆ ಹೋಗಬೇಕು. "ಅಲ್ಲೂ ವೇಟಿಂಗಾ?" ಅಂದರು ಅತ್ತೆ. ಆ ಪದ ಅವರಿಗೆ ಚೆನ್ನಾಗಿ ಹಿಡಿಸಿತ್ತು.

ಕೊನೆಗೆ ಎರಡು ಕಾಗದ ಕಳಿಸಿದೆವು. ಒಂದು ಡಾಕ್ಟರದ್ದು, ನವೆಂಬರ್‌ನಲ್ಲಿ ಈ ನಾಯಿಯ ಚರ್ಮ ಸರಿಯಾಗಿತ್ತು ಅಂತ. ಅಷ್ಟೇ ಸಾಕಾಗಿತ್ತೋ ಏನೋ. ಆದರೆ ನಮ್ಮವರು ಓಲೆ ಕಳೆದುಕೊಂಡ ಹಸುವಿನ ವಂಶದವರು, ಬಿಡಲಿಲ್ಲ. ನೋಟರಿ ಹತ್ತಿರ ಹೋಗಿ ಅಫಿಡವಿಟ್ ಮಾಡಿಸಿದರು. 'ಸದರಿ ಕಜ್ಜಿ ಎಂಬುದು ನಾಯಿಯ ಹೆಸರೇ ಹೊರತು ರೋಗವಲ್ಲವೆಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ.' ಟೈಪ್ ಮಾಡುವವನು ಅಭ್ಯಾಸಬಲದಿಂದ 'ಬಿನ್' ಅಂತ ಹೊಡೆದು, ತಂದೆ ಹೆಸರಿಗೆ ನಮ್ಮವರ ಮುಖ ನೋಡಿದನಂತೆ. ನಮ್ಮವರು ತಮ್ಮ ಹೆಸರನ್ನೇ ಕೊಟ್ಟು ಬಂದಿದ್ದರು.

ಮೂರು ವಾರಕ್ಕೆ ದುಡ್ಡು ಬಂತು. 6,450ರಲ್ಲಿ ಶಾಂಪೂ ಸ್ನಾನದ ಸಾಮಾನು ಅಂತ 750 ಹೋಯಿತು. ಕಾವಲಿಗೆ ಮೊದಲ ದೋಸೆ 1,000. ಉಳಿದ 4,700ರಲ್ಲಿ ದೊಡ್ಡಮ್ಮನ ಮಗನ ಪಾಲು 940. ಕೈಗೆ ಬಂದದ್ದು 3,760. ನೋಟರಿಗೆ, ಆಟೋಗೆ, ಜೆರಾಕ್ಸಿಗೆ 585 ಆಗಿತ್ತು. ಈ ದುಡ್ಡನ್ನು ಸುಮ್ನೆ ತಿಂಗಳು ತಿಂಗಳು ಪೋಸ್ಟಾಫೀಸಿಗೆ ಕಟ್ಟಿದ್ದರೆ ಅಂತ ನಮ್ಮವರು ಶುರು ಮಾಡಿದರು. ಹೋದ ಸಲ ಹಾಗೆ ಕಟ್ಟಿದ್ದು ಅವರ ತಂಗಿಯ ಗೃಹಪ್ರವೇಶದ ಮುಯ್ಯಿಗೆ ಹೋಗಿತ್ತು. ಅದನ್ನು ನೆನಪಿಸಿದೆ. ಪಾಲಿಸಿ ರಿನ್ಯೂ ಮಾಡಿಸಿದೆವು, ಈ ಸಲ ಚಿಪ್ಪನ್ನೂ ಹಾಕಿಸಿ. ನಾಯಿಗೆ ಓಲೆ ಆಯಿತು ಅಂತ ಅತ್ತೆ ಅವತ್ತು ಪಾಯಸ ಮಾಡಿದರು.

ಈ ನವೆಂಬರಿನಲ್ಲಿ ಲಸಿಕೆಗೆ ಕರೆದುಕೊಂಡು ಹೋದಾಗ ಹೊಸ ಕಾರ್ಡು ಮಾಡಿಸಿ, ಹೆಸರಿನ ಜಾಗದಲ್ಲೇ ಪೂರ್ತಿ ಬರೆಸಿದೆ, ಅಫಿಡವಿಟ್‌ನಲ್ಲಿ ಇದ್ದಂತೆಯೇ. ಬೆಂಚಿನ ಮೇಲೆ ಕಾಯುತ್ತಾ ಕೂತಿದ್ದೆವು. ಪಕ್ಕದಲ್ಲಿ ಒಬ್ಬರು ಬಿಳಿ ಪರ್ಷಿಯನ್ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಕೂತಿದ್ದರು, ಅದರ ಕುತ್ತಿಗೆಗೆ ಗುಲಾಬಿ ರಿಬ್ಬನ್. ಎರಡೂ ಪ್ರಾಣಿಗಳು ಆಗಲೇ ಮೂಗು ಮೂಗು ತಾಗಿಸಿ ಪರಿಚಯ ಮಾಡಿಕೊಂಡಿದ್ದವು. ಒಳಗಿನಿಂದ ಅದೇ ಹುಡುಗ ಬಾಗಿಲು ತೆಗೆದು, ಕೋರ್ಟಿನಲ್ಲಿ ಕೂಗುವ ಹಾಗೆ ಕೂಗಿದ.

"ಕಜ್ಜಾಯ ಅಲಿಯಾಸ್ ಕಜ್ಜಿ!"

ನಾನು ಎದ್ದೆ. ಪಕ್ಕದವರು ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ನನ್ನನ್ನು ನೋಡದೆ, ಬೆಂಚಿನ ಆ ತುದಿಗೆ ಸರಿದು ಕೂತರು.