ಕಲಗಚ್ಚಿನ ಬಾನಿಯಿಂದ ಕಪ್ಪು ಡಬ್ಬಕ್ಕೆ

ನಾನು ಚಿಕ್ಕವನಿದ್ದಾಗ ಹಾಲು ಒಡೆದರೆ ಮನೆಯಲ್ಲಿ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಗಟ್ಟಿಯಾಗಿ ಉಳಿದದ್ದಕ್ಕೆ ಸಕ್ಕರೆ ಹಾಕಿ ಮಕ್ಕಳಿಗೆ, ಬಸಿದ ತಿಳಿಹಸಿರು ನೀರು ಕಲಗಚ್ಚಿನ ಬಾನಿಗೆ. ಎಮ್ಮೆ ಅದನ್ನು ಸೊರ್ರನೆ ಹೀರಿ ಬಾಲ ಬೀಸುತ್ತಿತ್ತು. ಎಲ್ಲಿ, ತೋಳು ಮಡಚಿ ತೋರಿಸು ಅಂತ ಅದನ್ನು ಯಾರೂ ಕೇಳಲಿಲ್ಲ.

ಅದೇ ನೀರು ಈಗ ಪುಡಿಯಾಗಿ, ಕಪ್ಪು ಡಬ್ಬ ಸೇರಿ, ಮಗನ ಕೋಣೆಯಲ್ಲಿ ದೇವರ ಪಟದ ಪಕ್ಕ ಕೂತಿದೆ. ಕೆಜಿಗೆ ಮೂರು ಸಾವಿರದ ಮೇಲೆ. ನಾಮಧೇಯ ವೇ ಪ್ರೋಟೀನ್. ಯುರೋಪಿನ ಚೀಸ್ ಮಾಡುವವರೂ ಒಂದು ಕಾಲಕ್ಕೆ ಇದನ್ನು ಹಂದಿಗಳಿಗೆ ಸುರಿಯುತ್ತಿದ್ದರು, ಮಿಕ್ಕಿದ್ದನ್ನು ಹೊಳೆಗೆ ಬಿಟ್ಟು ಮೀನು ಸಾಯಿಸುತ್ತಿದ್ದರು. ಆಮೇಲೆ ಸೂಕ್ಷ್ಮವಾಗಿ ಸೋಸುವ ಯಂತ್ರ ಬಂತು. ಹೊಳೆಗೆ ಬಿಟ್ಟರೆ ದಂಡ, ಡಬ್ಬಕ್ಕೆ ತುಂಬಿದರೆ ದುಡ್ಡು.

ಒಂದು ಲೀಟರ್ ಹಾಲಿನಲ್ಲಿ ವೇ ಪ್ರೋಟೀನ್ ಇರುವುದು ಆರು ಗ್ರಾಂ ಚಿಲ್ಲರೆ. ಒಂದು ಸ್ಕೂಪಿನಲ್ಲಿ 24 ಗ್ರಾಂ ಅಂತ ಡಬ್ಬ ಹೇಳುತ್ತದೆ. ಅಂದರೆ ನನ್ನ ಮಗ ದಿನಾ ಬೆಳಿಗ್ಗೆ ಎಮ್ಮೆಯೊಂದರ ಒಂದು ಹೊತ್ತಿನ ಕರಾವನ್ನೇ ಶೇಕರಿನಲ್ಲಿ ಗಡಗಡ ಅಲ್ಲಾಡಿಸಿ ಕುಡಿಯುತ್ತಾನೆ.

"ಅಪ್ಪಾ, ನಾನು 60 ಕೆಜಿ. ದಿನಕ್ಕೆ 120 ಗ್ರಾಂ ಪ್ರೋಟೀನ್ ಬೇಕೇ ಬೇಕು ಅಂದಿದಾರೆ ಟ್ರೈನರ್."

"ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಲೆಕ್ಕದಲ್ಲಿ ಮೈತೂಕದ ಕೆಜಿಗೆ 0.83 ಗ್ರಾಂ ಕಣೋ. ನಿನಗೆ 50 ಗ್ರಾಂ ಸಾಕು. ಮೈ ಬೆಳೆಸೋಕೆ ಈ ಪುಡಿಗಳು ಬೇಡ ಅಂತ 2024ರಲ್ಲೇ ಹೇಳಿದಾರೆ."

"ಅವರಿಗೇನು ಸಿಕ್ಸ್ ಪ್ಯಾಕ್ ಇದೆಯಾ?"

ವಿಜ್ಞಾನವನ್ನು ಹೊಟ್ಟೆ ನೋಡಿ ಅಳೆಯುವ ಕಾಲ. ಬಾಯಿ ಮುಚ್ಚಿದೆ.

ಅದೇ ವರ್ಷ ನಮ್ಮ ದೇಶದ ಪೇಟೆಯಲ್ಲಿ ಸಿಗುವ 36 ಪ್ರೋಟೀನ್ ಪುಡಿಗಳನ್ನು ವೈದ್ಯರು ಪರೀಕ್ಷೆ ಮಾಡಿಸಿದರು. ಸುಮಾರು 70% ಡಬ್ಬಗಳ ಮೇಲಿನ ಲೆಕ್ಕಕ್ಕೂ ಒಳಗಿನ ಮಾಲಿಗೂ ತಾಳಮೇಳ ಇರಲಿಲ್ಲ. ಹಾಲಿಗೆ ನೀರು ಬೆರೆಸುವ ವಿದ್ಯೆ ನಮಗೆ ಹೊಸದಲ್ಲ, ನೀರಿಗೂ ಬೆರೆಸುವುದನ್ನು ಈಗ ಕಲಿತಿದ್ದೇವೆ. ಮಾಮೂಲಿ ಪರೀಕ್ಷೆ ಅಳೆಯುವುದು ಪ್ರೋಟೀನನ್ನಲ್ಲ, ಅದರೊಳಗಿನ ಸಾರಜನಕವನ್ನು. ಸಾರಜನಕವಿರುವ ಗ್ಲೈಸೀನ್, ಟಾರೀನ್‌ನಂಥ ಅಗ್ಗದ ಪುಡಿ ಬೆರೆಸಿದರೆ ಯಂತ್ರ ಅದನ್ನೂ ಪ್ರೋಟೀನೆಂದೇ ಎಣಿಸುತ್ತದೆ. ಪಾಪ, ಯಂತ್ರ! ಹಾಲಿನವನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ ನಮ್ಮಜ್ಜಿಯ ತರಬೇತಿ ಅದಕ್ಕೆ ಸಿಕ್ಕಿಲ್ಲ.

ಇಡ್ಲಿಯೂ ಬಚಾವಾಗಲಿಲ್ಲ. 2024ರ ಡಿಸೆಂಬರಿನಲ್ಲಿ ನಮ್ಮ ನಂದಿನಿಯೇ ವೇ ಪ್ರೋಟೀನ್ ಸೇರಿಸಿದ ಇಡ್ಲಿ-ದೋಸೆ ಹಿಟ್ಟು ಮಾರುಕಟ್ಟೆಗೆ ಬಿಟ್ಟಿತು. ಶತಮಾನಗಳಿಂದ ಆ ಹಿಟ್ಟಿನಲ್ಲಿ ನೆನೆದು ರುಬ್ಬಿಸಿಕೊಂಡ ಉದ್ದಿನಬೇಳೆಗೆ ಹೇಗಾಗಿರಬೇಡ!

ಮೊನ್ನೆ ಮನೆಯಾಕೆ ಪನೀರ್ ಮಾಡಿ ನೀರು ಬಸಿದಳು. ಲೋಟಕ್ಕೆ ಹಾಕಿ ಮಗನ ಮುಂದೆ ಹಿಡಿದೆ.

"ಛೀ! ಏನಿದು ವಾಸನೆ?"

ಎಮ್ಮೆ ಈಗ ಇಲ್ಲ, ಸಿಂಕು ಕುಡಿಯಿತು. ಡಬ್ಬದ ಪುಡಿಯೂ ತಳ ಕಂಡಿತ್ತು. ಅಮ್ಮ ಅದನ್ನು ತೊಳೆದು, ಬಿಸಿಲಿಗಿಟ್ಟು, ಊರಿಂದ ಬಂದ ಹುರುಳಿಕಾಳು ತುಂಬಿಟ್ಟರು. ಕೊನೆಗೂ ಡಬ್ಬದಲ್ಲಿ ಹುರುಳಿದೆ.