ಮೂಡ್ ಇಲ್ಲದವರ ಡಬ್ಬಾ

ಡೊಂಬಿವಲಿಯಿಂದ ಮುಂಬಯಿಯ ಕೊನೆಯ ನಿಲ್ದಾಣ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಹೋಗುವ ಬೆಳಗಿನ ಫಾಸ್ಟ್ ಲೋಕಲ್ ರೈಲಿನ ಒಂದೇ ಡಬ್ಬಾದಲ್ಲಿ, ಅಂದರೆ ಬೋಗಿಯಲ್ಲಿ, ಹನ್ನೊಂದು ವರ್ಷಗಳಿಂದ ಜೊತೆಯಾಗಿ ಓಡಾಡುತ್ತಿರುವ ನಾವು ಐವರು ಕನ್ನಡಿಗರು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತೇವೆ. ನನ್ನ ಮೊಬೈಲಿನಲ್ಲಿ ಒಬ್ಬರು ‘ಕುಂದಾಪುರ ಕಿಟಕಿ’, ಇನ್ನೊಬ್ಬರು ‘ವಿಜಯಪುರ ನಾಲ್ಕನೇ ಸೀಟು’. ನಾಲ್ಕನೇ ಸೀಟೆಂದರೆ ಮೂವರ ಬೆಂಚಿನ ತುದಿಯಲ್ಲಿ ಒಂದು ತೊಡೆಯನ್ನು ಊರಿ, ಇನ್ನೊಂದನ್ನು ಗಾಳಿಗೆ ಬಿಟ್ಟು, ಠಾಣೆ ಸ್ಟೇಷನ್ ದಾಟುವವರೆಗೆ ಕೂತಿದ್ದೇನೆಂದು ನಂಬಿಕೊಳ್ಳಬೇಕಾದ ಜಾಗ.

ನಮ್ಮಲ್ಲಿ ನಮಸ್ಕಾರಕ್ಕೆ ಬದಲಾಗಿ ಚಲಾವಣೆಯಲ್ಲಿರುವ ಮಾತು ಒಂದೇ. “ಎಂತ ಮಾರಾಯ್ರೆ, ಮೂಡೇ ಇಲ್ಲ ಕಾಣಿ” ಎಂದು ಕಿಟಕಿ ಶುರುಮಾಡಿದರೆ, “ನನಗೂ ಯಾಕೋ ಕೈನ ಓಡವಲ್ದು ರೀ” ಎಂದು ನಾಲ್ಕನೇ ಸೀಟು ಅನುಮೋದಿಸುತ್ತದೆ. ಇದಕ್ಕೆ ಯಾರೂ ಪರಿಹಾರ ಹೇಳಬಾರದು. ಒಮ್ಮೆ ಹೊಸಬರೊಬ್ಬರು ನಸುಕಿನಲ್ಲಿ ಎದ್ದು ತಣ್ಣೀರು ಸ್ನಾನ ಮಾಡಿದರೆ ಉತ್ಸಾಹ ಉಕ್ಕುತ್ತದೆಂದು ಘಾಟ್ಕೋಪರಿನವರೆಗೆ ವಿವರಿಸಿದರು; ಮರುದಿನದಿಂದ ಅವರಿಗೆ ಪಕ್ಕದ ಡಬ್ಬಾದ ಗಾಳಿಯೇ ಹಿತವೆನಿಸಿತು. ಕುಂದಾಪುರದವರ ವ್ಯಾಖ್ಯಾನ ಬೇರೆ. ಅವರ ಊರಿನಲ್ಲಿ ಮೂಡು ಎಂದರೆ ಪೂರ್ವ, ಪಡು ಎಂದರೆ ಪಶ್ಚಿಮ. ಬೆಳಗಿನ ರೈಲು ನಮ್ಮನ್ನು ಪಡುವಣದ ಕಡಲಿನತ್ತ ಎಳೆದೊಯ್ಯುವಾಗ ಮೂಡು ಹಿಂದೆಯೇ ಉಳಿಯದೆ ಇನ್ನೇನಾದೀತು ಎಂದು ಅವರು ಕೇಳುತ್ತಾರೆ. 1853ರ ಏಪ್ರಿಲ್ 16ರಂದು ಈಗಿನ ಸಿಎಸ್‌ಎಂಟಿ ಇರುವ ಬೋರಿಬಂದರಿನಿಂದ ಠಾಣೆಗೆ ಇದೇ ಮಾರ್ಗದಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಹೊರಟಾಗ ಊರಿಗೆಲ್ಲ ರಜೆ ಕೊಟ್ಟಿದ್ದರಂತೆ. ಆ 34 ಕಿಲೋಮೀಟರನ್ನು ನಗುನಗುತ್ತಾ ದಾಟಿದವರು ಬಹುಶಃ ಅವರೇ ಮೊದಲಿಗರು, ಕೊನೆಯವರೂ ಅವರೇ.

ಮನಸ್ಸಿಲ್ಲದಿರುವುದು ಕೆಲಸಕ್ಕೆ ಮಾತ್ರ ಎಂದು ತಿಳಿದಿದ್ದೆ; ಈಚೆಗೆ ಹಬ್ಬಕ್ಕೂ ಇಲ್ಲ. ಚಕ್ಕುಲಿಯ ಒರಳನ್ನು ಅಟ್ಟದಿಂದ ಇಳಿಸಲು ಮನೆಯಲ್ಲಿ ಮೂರು ಸಲ ಹೇಳಿಸಿಕೊಂಡಿದ್ದೇನೆ. ದೀಪಾವಳಿಗೆ ಊರಿಗೆ ಹೋಗುವವರ ಪಾಡಂತೂ ಕೇಳಬಾರದು. 2024ರ ಅಕ್ಟೋಬರಿನವರೆಗೆ 120 ದಿನ ಮೊದಲೇ ಟಿಕೆಟ್ ಕಾಯ್ದಿರಿಸಬಹುದಿತ್ತು, ಈಗ 60 ದಿನ. ಇವತ್ತಿನ ಮೂಡೇ ಕೈಗೆ ಸಿಗದವನು ಎರಡು ತಿಂಗಳ ಆಚೆಯ ಮೂಡನ್ನು ಬೆಳಗಿನ ಎಂಟು ಗಂಟೆಗೆ ಸರಿಯಾಗಿ ಊಹಿಸಬೇಕು. ಆ ಹೊತ್ತಿಗೆ ಕುಂದಾಪುರದವರು ರೈಲು ಹತ್ತುವ ನೂಕುನುಗ್ಗಲಿನಲ್ಲಿ ಫೋನನ್ನು ತಲೆಯ ಮೇಲೆ ಹಿಡಿದಿರುತ್ತಾರೆ. ಅವರು ಒಳಗೆ ಬಂದು ನೋಡುವಾಗ ಅವರ ಊರಿಗೆ ಹೋಗುವ ಮತ್ಸ್ಯಗಂಧ ರೈಲಿನಲ್ಲಿ ವೇಟಿಂಗ್ ಲಿಸ್ಟ್ ಶುರುವಾಗಿರುತ್ತದೆ.

ಆದರೂ ಲೋಕಲಿಗೆ ಪೂಜೆ ಮಾಡುವ ದಿನ ಬಂದೇ ಬಂತು. ದಸರೆಗೆ ರಜೆ ಇರುವುದರಿಂದ ಮುಂಬಯಿಯ ನಿತ್ಯ ಪ್ರಯಾಣಿಕರು ತಮ್ಮ ತಮ್ಮ ಡಬ್ಬಾವನ್ನು ಹಿಂದಿನ ದಿನವೇ ಸಿಂಗರಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಹೇಗೂ ಆಯುಧಪೂಜೆ. ಈ ಸಲ ಬೇಡವೆಂದು ಐವರೂ ಒಪ್ಪಿದ್ದೆವು. ಎಷ್ಟು ಮನಃಪೂರ್ವಕವಾಗಿ ಒಪ್ಪಿದ್ದೆವೆಂದರೆ, ಬೇಡವೆನ್ನುವುದರಲ್ಲಿ ಮಾತ್ರ ನಮಗೆ ಭರ್ತಿ ಮೂಡಿತ್ತು. ಬೆಳಗ್ಗೆ ನೋಡಿದರೆ ವಿಜಯಪುರದವರ ಮಡಿಲಲ್ಲಿ ಹಿಂದಿನ ಸಂಜೆ ದಾದರಿನಲ್ಲಿ ಇಳಿದು ತಂದ ಮೂರು ಕಿಲೋ ಚೆಂಡುಹೂವು, ಗೋಣಿ ಹೊಲಿಯುವ ದಬ್ಬಳ, ಹುರಿ. “ಏನ್ರೀ ಇದು?” ಎಂದು ಕೇಳಿದೆ. “ಸೋವಿ ಸಿಕ್ತು, ತಂದೆ” ಎಂದರು. ಹಬ್ಬದ ಮುನ್ನಾದಿನ ದಾದರಿನಲ್ಲಿ ಚೆಂಡುಹೂವು ಸೋವಿ ಸಿಗುವುದುಂಟೇ? ನಾವು ಯಾರೂ ಆ ಸುಳ್ಳನ್ನು ಮುಟ್ಟಲು ಹೋಗಲಿಲ್ಲ.

ಓಡುವ ಲೋಕಲಿನಲ್ಲಿ ಹೂ ಪೋಣಿಸುವುದು ಸುಲಭವಲ್ಲ. ತೊಟ್ಟಿನ ಕಡೆಯಿಂದ ಚುಚ್ಚಿದ ದಬ್ಬಳ ಹೂವಿನ ನಡುವೆ ಹೊರಬರುವ ಹೊತ್ತಿಗೆ ರೈಲು ಹಳಿ ಬದಲಿಸುತ್ತದೆ, ದಬ್ಬಳದ ಮೊನೆ ಹೆಬ್ಬೆರಳಿಗೆ ತಾಗುತ್ತದೆ. ನಾಲ್ಕನೇ ಸೀಟಿನವರು ನಿಲ್ಲುವ ಒಂದು ಕಾಲನ್ನು ಎದುರಿನ ಬೆಂಚಿಗೆ ಒತ್ತಿ ಹಿಡಿದಿದ್ದರು; ಧಾರವಾಡದವರು ಹೂ ಕೊಡುತ್ತಿದ್ದರು; ನಾನು ಉದುರಿದ ಎಸಳುಗಳನ್ನು ಟಿಫಿನ್ ಚೀಲದೊಳಗೆ ತುಂಬುತ್ತಿದ್ದೆ. ಕುರ್ಲಾ ಬರುವಷ್ಟರಲ್ಲಿ ಮಾಲೆ ಬಾಗಿಲಿನ ಅಗಲಕ್ಕೆ ಒಂದು ಗೇಣು ಕಡಿಮೆಯೆಂದು ಗೊತ್ತಾಯಿತು. ಕುಂದಾಪುರದವರು ಸಹಿಸಲಾರದೆ ದಬ್ಬಳ ಕಸಿದುಕೊಂಡು, “ಮೂಡಿಲ್ಲ ಮಾರಾಯ್ರೆ” ಎಂದು ಗೊಣಗುತ್ತಲೇ, ಚೀಲದ ತಳದಲ್ಲಿ ಉಳಿದ ಬಾಡಿದ ಹೂಗಳನ್ನು ಒಂದೊಂದಾಗಿ ಹುಡುಕಿ ಚುಚ್ಚತೊಡಗಿದರು. ಭಾಯಖಳಾ ಹೋಯಿತು, ಇಳಿಯಬೇಕಾದವರು ಎದ್ದು ಬಾಗಿಲಿನತ್ತ ಸರಿದರು, ಇನ್ನೂ ಮೂರು ಹೂ ಬೇಕಿತ್ತು.