ಪುಕ್ಕಟೆ ಇಂಡೀ ಗೇಮ್, ಡೆಮೋ: ಇಳಿಸಿಕೊಂಡು ಆಡಿ ನೋಡಬೇಕೇ?

ಪರ: ಒಡೆದು ನೋಡದೆ ದರ ಕಟ್ಟಬೇಡಿ

ಶಿರಸಿಯ ವ್ಯಾಪಾರಿ ಅಡಿಕೆ ಒಡೆದು ಒಳಗಿನ ಬಣ್ಣ ನೋಡಿದ ಮೇಲೇ ದರದ ಮಾತು ತೆಗೆಯುತ್ತಾನೆ. ಇಂಡೀ ಗೇಮಿನ, ಅಂದರೆ ದೊಡ್ಡ ಕಂಪನಿಯಿಲ್ಲದೆ ಒಬ್ಬಿಬ್ಬರು ಇಲ್ಲವೇ ಸಣ್ಣ ತಂಡ ಕಟ್ಟಿದ ಆಟದ ಮಟ್ಟಿಗೆ ಆ ಒಡೆದು ನೋಡುವ ಕೆಲಸ ಮಾಡುವುದು ಡೆಮೋ, ಅಂದರೆ ಆಟದ ಪುಕ್ಕಟೆ ಮಾದರಿ ತುಂಡು. ಟ್ರೇಲರಿನಲ್ಲಿ ಕಾಣುವುದು ಗೇಮ್ ಕಟ್ಟಿದವರ ಮಷಿನ್. ಉತ್ತರ ಕನ್ನಡದ ಬಹುಪಾಲು ಮನೆಗಳಲ್ಲಿ ಇರುವುದು ಮಕ್ಕಳ ಓದಿಗೆಂದು ತಂದ ಲ್ಯಾಪ್‌ಟಾಪ್. ಬೇರೆ ಗ್ರಾಫಿಕ್ಸ್ ಕಾರ್ಡ್ ಅದರಲ್ಲಿ ಇರುವುದಿಲ್ಲ. ಅದರ ಮೇಲೆ ಆಟ ಓಡುತ್ತದೋ, ತೆವಳುತ್ತದೋ ಎಂಬುದು ಓಡಿಸಿ ನೋಡಿದರಷ್ಟೇ ಗೊತ್ತಾಗುತ್ತದೆ.

ಶುರು ಮಾಡುವವರು ಬ್ರೌಸರ್‌ನಲ್ಲೇ ಆಡುವಂಥವನ್ನು ಮೊದಲು ಹಿಡಿಯಲಿ. 2013ರಲ್ಲಿ ಆರಂಭವಾದ ಇಚ್.ಐಒ ತಾಣದಲ್ಲಿ ಅಂಥವು ರಾಶಿ ರಾಶಿ ಇವೆ. ಹೆಸರಾಂತ ಸೆಲೆಸ್ಟ್ ಗೇಮ್ ಬಂದದ್ದು 2018ರಲ್ಲಿ. ಅದರ ಬೀಜ, ಅದಕ್ಕೂ ಮೊದಲು ಇಬ್ಬರು ಸೇರಿ ನಾಲ್ಕು ದಿನದಲ್ಲಿ ಪೀಕೋ-8 ಎಂಬ, ಪುಟ್ಟ ಆಟ ಕಟ್ಟುವ ಸಾಫ್ಟ್‌ವೇರಿನಲ್ಲಿ ಕಟ್ಟಿದ ಆಟ. ಪೀಕೋ-8ರ ಪರದೆ 128×128 ಚುಕ್ಕಿ, ಒಂದು ಆಟದ ಫೈಲ್ (ಕಾರ್ಟ್) 32 ಕೆಬಿ. ಘಟ್ಟದ ಮೇಲೆ ಒಂದೇ ಕಡ್ಡಿ ಸಿಗ್ನಲ್ ಬಂದರೂ ಇಂಥದ್ದು ತೆರೆದುಕೊಳ್ಳುತ್ತದೆ. ಜಿಗಿತದ ಹದ ಎಂದರೇನು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಇಳಿಸಿಕೊಳ್ಳುವ ಗೇಮಾದರೆ ಒಂದೆರಡು ಸಂಗತಿ ಗೊತ್ತಿರಬೇಕು. ಇಚ್.ಐಒದಲ್ಲಿ ಪುಕ್ಕಟೆ ಗೇಮಿಗೂ ಬೆಲೆ ಕೇಳುವ ಪೆಟ್ಟಿಗೆ ಬಂದಾಗ ಅದರ ಮೇಲ್ಭಾಗದಲ್ಲಿ, ಹಣ ಕೊಡದೆ ನೇರ ಡೌನ್‌ಲೋಡಿಗೆ ಹೋಗುವ ಸಣ್ಣ ಲಿಂಕ್ ಇರುತ್ತದೆ. ಜಿಪ್ ಬಂದ ಮೇಲೆ ಅದರೊಳಗಿದ್ದಂತೆಯೇ ಗೇಮ್ ಮೇಲೆ ಡಬಲ್ ಕ್ಲಿಕ್ ಮಾಡುವುದೇ ಹೊಸಬರ ದೊಡ್ಡ ತಪ್ಪು. ವಿಂಡೋಸ್ ಆಗ ಆ ಒಂದು ಫೈಲನ್ನಷ್ಟೇ ತಾತ್ಕಾಲಿಕ ಜಾಗಕ್ಕೆ ಬಿಚ್ಚುತ್ತದೆ, ಪಕ್ಕದ ಫೈಲುಗಳು ಸಿಗದೆ ‘ಯೂನಿಟಿಪ್ಲೇಯರ್.ಡಿಎಲ್‌ಎಲ್ ಇಲ್ಲ’ ಎಂಬ ದೂರು ಬರುತ್ತದೆ. ಗೇಮ್ ಕೆಟ್ಟಿದೆ ಎಂದು ಡಿಲೀಟ್ ಮಾಡುವವರೇ ಹೆಚ್ಚು. ಇಡೀ ಜಿಪ್ಪನ್ನು ಒಂದು ಫೋಲ್ಡರಿಗೆ ಬಿಚ್ಚಿ, ಒಳಗಿನದನ್ನು ಅತ್ತಿತ್ತ ಮಾಡದೆ ಓಡಿಸಿ. ಗೊಡೊ ಎಂಬ, ಗೇಮ್ ಕಟ್ಟುವ ಎಂಜಿನ್ನಿನ ಗೇಮುಗಳಲ್ಲಿ ಇಎಕ್ಸ್‌ಇ (ಗೇಮ್ ಓಡಿಸುವ ಫೈಲ್) ಜೊತೆ ಆಟದ ಸಾಮಗ್ರಿಯಿರುವ ಒಂದು ಪಿಸಿಕೆ ಫೈಲೂ ಬಂದಿದ್ದರೆ ಎರಡನ್ನೂ ಬೇರ್ಪಡಿಸಬಾರದು. ಹಳೆಯ ಇಂಟೆಲ್ ಗ್ರಾಫಿಕ್ಸಿನಲ್ಲಿ ವಲ್ಕನ್ ಎಂಬ, ಪರದೆಗೆ ಚಿತ್ರ ಮೂಡಿಸುವ ವ್ಯವಸ್ಥೆ ಇಲ್ಲದೆ ಗೊಡೊ 4ರ ಗೇಮ್ ತೆರೆಯದಿದ್ದರೆ, ಶಾರ್ಟ್‌ಕಟ್ಟಿನ ಟಾರ್ಗೆಟ್ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು ‘--ರೆಂಡರಿಂಗ್-ಡ್ರೈವರ್ ಓಪನ್‌ಜಿಎಲ್3’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ ನೋಡಿ. ಎಷ್ಟೋ ಸಲ ಓಡುತ್ತದೆ.

ವಿಂಡೋಸಿನ ನೀಲಿ ಎಚ್ಚರಿಕೆ ಪೆಟ್ಟಿಗೆ ಕಂಡರೆ ಅದು ವೈರಸ್ಸೇ ಎಂದು ಅರ್ಥವಲ್ಲ. ಫೈಲಿಗೆ ಸಹಿ ಹಾಕುವ ಸರ್ಟಿಫಿಕೇಟಿಗೆ ಹಣ ತೆರಬೇಕು, ಒಬ್ಬರೇ ಕೂತು ಗೇಮ್ ಕಟ್ಟುವವರು ಬಹುತೇಕ ಅದನ್ನು ಕೊಳ್ಳುವುದಿಲ್ಲ. ಆದರೂ ಮುಂದುವರಿಯುವ ಮೊದಲು ಫೈಲನ್ನು ಹಲವು ಆ್ಯಂಟಿವೈರಸ್‌ಗಳಿಂದ ಒಟ್ಟಿಗೆ ಪರೀಕ್ಷಿಸುವ ವೈರಸ್‌ಟೋಟಲ್ ತಾಣಕ್ಕೆ ಹಾಕಿ ನೋಡಿ. ಇನ್ನೂ ಒಳ್ಳೆಯದೆಂದರೆ ವಿಂಡೋಸಿನಲ್ಲಿ ಅಡ್ಮಿನ್ ಅಲ್ಲದ ಇನ್ನೊಂದು ಖಾತೆ ತೆರೆದು, ಗೇಮುಗಳನ್ನೆಲ್ಲ ಅಲ್ಲೇ ಓಡಿಸುವುದು. ಅಡ್ಮಿನ್ ಪಾಸ್‌ವರ್ಡ್ ಕೇಳಿದರೆ ಕೊಡಬೇಡಿ. ಆಗ ಆ ಖಾತೆಯ ಪ್ರೋಗ್ರಾಮಿಗೆ ನಿಮ್ಮ ಖಾತೆಯ ಫೈಲುಗಳು ಸಿಗುವುದಿಲ್ಲ. ಹತ್ತು ನಿಮಿಷದ ಕೆಲಸ.

ಆಡಿದ ಮೇಲೆ ಕಟ್ಟಿದವರಿಗೆ ನಾಲ್ಕು ಸಾಲು ಬರೆಯಿರಿ: ಯಾವ ಆವೃತ್ತಿ, ಯಾವ ಮಷಿನ್, ಏನು ಒತ್ತಿದಾಗ ಏನಾಯಿತು. ‘ಸೂಪರ್’ ಎಂಬ ಹೊಗಳಿಕೆಗಿಂತ ಅವರಿಗೆ ಅದು ದೊಡ್ಡದು.

ವಿರೋಧ: ಪುಕ್ಕಟೆಯ ಬೆಲೆ ಬೇರೆಯವರು ತೆರುತ್ತಾರೆ

ಬ್ರೌಸರ್ ಆಟಗಳ ಬಗ್ಗೆ ತಕರಾರಿಲ್ಲ. ತಕರಾರಿರುವುದು ಗುರುತಿಲ್ಲದವರ ಇಎಕ್ಸ್‌ಇ ಫೈಲುಗಳ ಬಗ್ಗೆ. ಹಳ್ಳಿಮನೆಯ ಲ್ಯಾಪ್‌ಟಾಪ್ ಒಬ್ಬರದ್ದಲ್ಲ. ಅಪ್ಪನ ಬ್ಯಾಂಕ್, ಅಕ್ಕನ ಪರೀಕ್ಷೆ ಅರ್ಜಿ, ಎಲ್ಲರ ಇಮೇಲ್ ಒಂದೇ ಕ್ರೋಮ್‌ನಲ್ಲಿ ತೆರೆದೇ ಇರುತ್ತವೆ, ಪಾಸ್‌ವರ್ಡ್ ಅಲ್ಲೇ ಉಳಿಸಿಟ್ಟಿರುತ್ತಾರೆ. ಕಳ್ಳ ಪ್ರೋಗ್ರಾಮಿಗೆ ಬೇಕಾದದ್ದೂ ಅದೇ. ಬೇರೆ ಖಾತೆಯ ಉಪಾಯ ಸರಿಯಾದದ್ದೇ, ಆದರೆ ಹದಿನಾಲ್ಕು ವರ್ಷದ ಹುಡುಗ ಆಟದ ಆತುರದಲ್ಲಿ ಖಾತೆ ಬದಲಿಸುತ್ತಾನೆ ಎಂದು ನಂಬಿ ಮನೆಯ ಹಣ ಪಣಕ್ಕಿಡಲಾಗದು.

ದೊಡ್ಡ ಅಂಗಡಿಯಾದರೆ ಭಯವಿಲ್ಲ ಎನ್ನುವಂತಿಲ್ಲ. 2025ರ ಫೆಬ್ರವರಿಯಲ್ಲಿ ಪೈರೇಟ್‌ಫೈ ಎಂಬ ಪುಕ್ಕಟೆ ಗೇಮಿನೊಳಗೆ ಕಳ್ಳ ಪ್ರೋಗ್ರಾಮ್ ಸಿಕ್ಕಿ, ಸ್ಟೀಮ್ ಎಂಬ ದೊಡ್ಡ ಆನ್‌ಲೈನ್ ಗೇಮ್ ಅಂಗಡಿ ಅದನ್ನು ತೆಗೆದುಹಾಕಿತು. ಗೇಮ್ ಆಡುವವರು ಹರಟುವ ಡಿಸ್ಕಾರ್ಡ್ ಆ್ಯಪ್‌ನಲ್ಲಿ ನಡೆಯುವ ಮೋಸ ಇದಕ್ಕಿಂತ ಸುಲಭದ್ದು. ‘ನನ್ನ ಗೇಮ್ ಟೆಸ್ಟ್ ಮಾಡಿಕೊಡು’ ಎಂಬ ಸಂದೇಶ, ಜೊತೆಗೆ ಪಾಸ್‌ವರ್ಡ್ ಹಾಕಿದ, ಜಿಪ್‌ನಂಥದ್ದೇ ಆದ ರಾರ್ ಫೈಲ್. ಪಾಸ್‌ವರ್ಡ್ ಯಾಕೆಂದರೆ, ಬಿಚ್ಚುವವರೆಗೆ ಆ್ಯಂಟಿವೈರಸ್ಸಿಗೆ ಒಳಗೇನಿದೆ ಎಂದು ಕಾಣಬಾರದು. ಪ್ರಾಮಾಣಿಕವಾಗಿ ಗೇಮ್ ಕಟ್ಟುವವರಿಗೆ ಇದರ ಅಗತ್ಯವೇ ಬೀಳುವುದಿಲ್ಲ.

ಡೇಟಾ ಲೆಕ್ಕವೂ ಇದೆ. ದಿನಕ್ಕೆ 1.5 ಜಿಬಿ ಸಿಗುವ ಫೋನಿನ ಹಾಟ್‌ಸ್ಪಾಟಿನಲ್ಲಿ 1.2 ಜಿಬಿಯ ಡೆಮೋ ಇಳಿಸಿದರೆ ಆ ದಿನದ ಆನ್‌ಲೈನ್ ಪಾಠಕ್ಕೆ ಏನು ಉಳಿಯಿತು? ಸ್ಟೀಮಿನ ನೆಕ್ಸ್ಟ್ ಫೆಸ್ಟ್ ಎಂಬ ಡೆಮೋ ಹಬ್ಬಗಳಲ್ಲಿ ಒಂದು ಬರುವುದು ಜೂನ್‌ನಲ್ಲಿ. ಕರಾವಳಿಗೆ ಅದು ಕರೆಂಟು ಹೋಗಿ ಬಂದು ಮಾಡುವ ಕಾಲ. ಸ್ಟೀಮ್ ಆ್ಯಪ್‌ನಲ್ಲಾದರೆ ನಿಂತಲ್ಲಿಂದ ಮುಂದುವರಿಯುತ್ತದೆ, ಬ್ರೌಸರ್‌ನಲ್ಲಿ ತುಂಡಾದ ಡೌನ್‌ಲೋಡ್ ಎಷ್ಟೋ ಸಲ ಸೊನ್ನೆಯಿಂದ ಶುರುವಾಗುತ್ತದೆ.

ಇಷ್ಟೆಲ್ಲ ಮಾಡಿ ಸಿಗುವುದು ಆಟದ ಮೊದಲ ತುಂಡು. ಕಟ್ಟಿದವರು ಹೆಚ್ಚು ತಿದ್ದಿ ತೀಡುವುದೂ ಅದನ್ನೇ, ಮುಂದಿನ ಭಾಗ ಹೇಗಿದೆ ಎಂದು ಅದರಿಂದ ಗೊತ್ತಾಗದು. ಡೆಮೋದಲ್ಲಿ ಆಡಿದ ಸೇವ್ ಪೂರ್ತಿ ಗೇಮಿಗೆ ಬರುತ್ತದೆಂಬ ಖಾತ್ರಿಯೂ ಇಲ್ಲ. ಮಷಿನ್ನಿನಲ್ಲಿ ಓಡುತ್ತದೋ ಇಲ್ಲವೋ ಎಂದು ತಿಳಿಯಬೇಕಿದ್ದರೆ ಬೇರೆ ದಾರಿಯಿದೆ. ಹೊರಬಂದು ವರ್ಷ ಕಳೆದ, ಸಾವಿರಾರು ಜನ ಆಡಿ ವಿಮರ್ಶೆ ಬರೆದ ಒಂದು ಗೇಮನ್ನು ರಿಯಾಯಿತಿಯಲ್ಲಿ ಕೊಳ್ಳಿ. ಒಗ್ಗದಿದ್ದರೆ, ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ ಸ್ಟೀಮ್ ಹಣ ಹಿಂದಿರುಗಿಸುತ್ತದೆ. ಗೇಮ್ ಉಳಿಸಿಕೊಂಡರೆ ಕಟ್ಟಿದವರಿಗೂ ನಾಲ್ಕು ಕಾಸು ಸಿಗುತ್ತದೆ.

ಸಂಶಯದ ಫೈಲನ್ನು ಈಗಾಗಲೇ ಓಡಿಸಿಬಿಟ್ಟಿದ್ದರೆ ಮೊದಲು ಇಂಟರ್ನೆಟ್ ಕಡಿಯಿರಿ. ಪಾಸ್‌ವರ್ಡ್ ಬದಲಿಸುವುದು ಅದೇ ಲ್ಯಾಪ್‌ಟಾಪಿನಲ್ಲಿ ಬೇಡ, ಫೋನಿನಲ್ಲಿ ಮಾಡಿ. ಇಮೇಲ್ ಮೊದಲು, ಆಮೇಲೆ ಬ್ಯಾಂಕ್. ಪ್ರತಿ ಖಾತೆಯಲ್ಲೂ ‘ಎಲ್ಲ ಸಾಧನಗಳಿಂದ ಲಾಗೌಟ್’ ಒತ್ತಲೇಬೇಕು: ಕುಕ್ಕಿ, ಅಂದರೆ ನೀವು ಲಾಗಿನ್ ಆಗಿದ್ದೀರೆಂದು ಬ್ರೌಸರ್ ಇಟ್ಟುಕೊಳ್ಳುವ ಗುರುತು, ಕದ್ದವನು ಪಾಸ್‌ವರ್ಡ್ ಗೊತ್ತಿಲ್ಲದೆಯೂ ಒಳಗೇ ಕೂತಿರಬಲ್ಲ.